ಫೋಟೊ ಇಳಕಲ್ಲಿನದು, ಸೀರೆ ಎಲ್ಲಿಯದು? ಹೆಸರು ಕಾಯುವ ಕಾನೂನು ಬೆಳೆದು ಬಂದ ದಾರಿ

"ಅಪ್ಪಟ ಇಳಕಲ್ ಕೈಮಗ್ಗದ ಸೀರೆ. ಆಫರ್ ಇವತ್ತು ಒಂದೇ ದಿನ. ಕ್ಯಾಶ್ ಆನ್ ಡೆಲಿವರಿ ಇದೆ." ವಾಟ್ಸಾಪ್ ಇಟ್ಟುಕೊಂಡಿರುವ ಮನೆಗಳಲ್ಲಿ ಇಂಥ ಮೆಸೇಜ್ ನೋಡದವರು ಕಡಿಮೆ. ಕೆಳಗೆ ಆರೇಳು ಚೆಂದದ ಫೋಟೊ. ಕೈಮಗ್ಗದ ಸೀರೆಗೆ ಹಾಕಿದ ನೂಲಿನ ದುಡ್ಡೂ ಹುಟ್ಟದಷ್ಟು ಕಡಿಮೆ ಬೆಲೆ.

ಫೋಟೊದಲ್ಲಿ ಇರುವುದು ನಿಜವಾದ ಇಳಕಲ್ ಸೀರೆಯೇ ಇರಬಹುದು. ಯಾರೋ ನೇಕಾರರ ಮನೆಯವರು ಮಗ್ಗದಿಂದ ಇಳಿಸಿದ ಸೀರೆಯನ್ನು ಹಾಸಿ, ಒಳ್ಳೆಯ ಬೆಳಕಿನಲ್ಲಿ ತೆಗೆದ ಫೋಟೊ ಅದು. ಪಾರ್ಸೆಲ್ ಬಿಚ್ಚಿದರೆ ಮಾತ್ರ ಬೇರೆಯೇ ಬಟ್ಟೆ: ಯಾವುದೋ ಊರಿನ ಪವರ್‌ಲೂಮ್‌ನಲ್ಲಿ ಪಾಲಿಯೆಸ್ಟರ್ ನೂಲಿನಿಂದ ನೇಯ್ದದ್ದು, ಇಲ್ಲವೇ ದಡಿಯ ಚಿತ್ತಾರವನ್ನು ಬಟ್ಟೆಯ ಮೇಲೆ ಪ್ರಿಂಟ್ ಹೊಡೆದದ್ದು.

ಇಲ್ಲಿ ಮೂವರಿಗೆ ಏಟು ಬೀಳುತ್ತದೆ. ಕೊಂಡವರ ದುಡ್ಡು ಹೋಗುತ್ತದೆ. ನೇಕಾರರ ಗಿರಾಕಿ ಹೋಗುತ್ತಾರೆ. ಮೆಸೇಜ್ ಫಾರ್ವರ್ಡ್ ಮಾಡಿ ನೂರು ಇನ್ನೂರು ರೂಪಾಯಿ ಕಮಿಷನ್ ಕಾಣುವ ನಮ್ಮೂರಿನ ಅಕ್ಕನ ಮೇಲಿದ್ದ ನಂಬಿಕೆ ಹೋಗುತ್ತದೆ. ಬಹಳ ಸಲ ಆಕೆಗೂ ಒಳಗಿನ ಗುಟ್ಟು ಗೊತ್ತಿರುವುದಿಲ್ಲ.

ಇದಕ್ಕೆ ಕಾನೂನೇ ಇಲ್ಲವೇ ಎಂದು ಕೇಳುವವರಿಗೆ ಉತ್ತರ: ಇದೆ, ಒಂದಲ್ಲ, ನಾಲ್ಕೈದು ಇವೆ. ಆದರೆ ಒಂದೊಂದೂ ಒಂದೊಂದು ಕಾಲದ ಅಂಗಡಿಯನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದವು. ಅಂಗಡಿ ಫೋನಿನೊಳಗೆ ಬಂದಾಗ ಅವು ಏಕೆ ಜಾರುತ್ತವೆ, ಎಲ್ಲಿ ಹಿಡಿಯುತ್ತವೆ ಎಂದು ತಿಳಿಯಬೇಕಾದರೆ ಅವು ಹುಟ್ಟಿದ ಕತೆ ಗೊತ್ತಿರಬೇಕು. ಅದನ್ನು ಇಲ್ಲಿ ಹೇಳುತ್ತೇವೆ.

ಸಂತೆಯಲ್ಲಿ ಕೈಯೇ ಸಾಕ್ಷಿ

ಹಿಂದೆ ಸೀರೆ ಕೊಳ್ಳುವುದೆಂದರೆ ಮುಟ್ಟಿ, ಮಡಿಕೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡುವುದು. ಇಳಕಲ್ ಸೀರೆಯ ಗುಟ್ಟು ಅದರ ಸೆರಗಿನಲ್ಲಿದೆ. ಮೈಗೆ ಒಂದು ಹಾಸು, ಸೆರಗಿಗೆ ಬೇರೆಯೇ ರೇಷ್ಮೆಯ ಹಾಸು. ಮೈಯ ಒಂದೊಂದು ಎಳೆಯನ್ನೂ ಸೆರಗಿನ ಎಳೆಗೆ ಕುಣಿಕೆ ಹಾಕಿ ಜೋಡಿಸಬೇಕು. ಇದನ್ನೇ ಕೊಂಡಿ ಎನ್ನುವುದು. ಕೆಂಪು ಸೆರಗಿನ ಮೇಲೆ ಬಿಳಿಯ ತೋಪ ತೆನಿ, ಗೋಮಿ, ಗಾಡಿ, ಚಿಕ್ಕಿ ಪರಾಸ ಎಂಬ ಹೆಸರಿನ ದಡಿಗಳು. ಇವನ್ನು ಬಲ್ಲ ಹೆಂಗಸರಿಗೆ ಯಾವ ಸರ್ಟಿಫಿಕೇಟೂ ಬೇಕಿರಲಿಲ್ಲ. ಮಾರುವವರ ಮುಖವೂ ಪರಿಚಯ, ಮುಂದಿನ ವಾರ ಅದೇ ಜಾಗದಲ್ಲಿ ಸಿಗುತ್ತಿದ್ದರು. ಮೋಸ ಮಾಡಿದರೆ ಸಂತೆಯಲ್ಲಿ ತಲೆ ಎತ್ತಿ ಕೂರುವಂತಿರಲಿಲ್ಲ.

ದೊಡ್ಡ ವ್ಯಾಪಾರಿಗಳಿಗಾಗಿ ಕಾನೂನು ಆಗಲೇ ಬಂದಿತ್ತು. ಬ್ರಿಟಿಷರ ಕಾಲದಲ್ಲಿ, 1889ರಲ್ಲೇ ಸುಳ್ಳು ಗುರುತು ಹಾಕಿ ಮಾಲು ಮಾರುವುದಕ್ಕೆ ಶಿಕ್ಷೆ ವಿಧಿಸುವ ಮರ್ಚಂಡೈಸ್ ಮಾರ್ಕ್ಸ್ ಕಾಯ್ದೆ ಬಂತು. 1940ರಲ್ಲಿ ಟ್ರೇಡ್‌ಮಾರ್ಕ್ ನೋಂದಣಿಯ ಕಾಯ್ದೆ ಬಂತು. 1958ರಲ್ಲಿ ಅದನ್ನು ಹೊಸದಾಗಿ ಬರೆದರು.

ಈ ಕಾನೂನುಗಳು ಯಾರಿಗೆ ಒದಗಿದವು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ಶ್ರೀಗಂಧದ ಎಣ್ಣೆ ತೆಗೆಯುವ ಕೆಲಸ ಶುರುವಾಯಿತು. ಅದರ ಬೆನ್ನಿಗೇ ಮೈಸೂರು ಸ್ಯಾಂಡಲ್ ಸಾಬೂನು ಬಂತು. ಸಾಬೂನಿಗೆ ಒಬ್ಬ ಒಡೆಯ ಇದ್ದ, ಅದು ಸರ್ಕಾರ. ಒಂದು ಕಾರ್ಖಾನೆ ಇತ್ತು. ಆನೆ ತಲೆ, ಸಿಂಹದ ಮೈ ಇರುವ ಶರಭದ ಗುರುತು ಇತ್ತು. ಗುರುತು ಕದ್ದರೆ ಕೇಳುವವರು ಯಾರು ಎಂಬ ಪ್ರಶ್ನೆಯೇ ಇರಲಿಲ್ಲ.

ಇಳಕಲ್ ಸೀರೆಗೆ ಹಾಗೆ ಒಬ್ಬ ಒಡೆಯ ಇಲ್ಲ. ಅದು ಒಂದು ಸೀಮೆಯ ಮಗ್ಗಗಳೆಲ್ಲ ಸೇರಿ ಗಳಿಸಿದ ಹೆಸರು. ಟ್ರೇಡ್‌ಮಾರ್ಕ್ ಕಾನೂನು ಬರೀ ಊರಿನ ಹೆಸರನ್ನು ಒಬ್ಬ ವ್ಯಾಪಾರಿಯ ಸ್ವತ್ತಾಗಲು ಸುಲಭಕ್ಕೆ ಬಿಡುವುದಿಲ್ಲ. ಅದು ನ್ಯಾಯವೇ. ಆದರೆ ಎಲ್ಲರಿಗೂ ಸೇರಿದ್ದನ್ನು ಕಾಯುವವರು ಯಾರೂ ಇರುವುದಿಲ್ಲ. ಊರ ಕೆರೆಗೆ ಆದದ್ದೇ ಈ ಹೆಸರಿಗೂ ಆಯಿತು.

ಬಟ್ಟೆಗೆ ಬೇಲಿ ಹಾಕಿದ ಕಾನೂನು

ಪವರ್‌ಲೂಮ್ ಬಂದಮೇಲೆ ಪೆಟ್ಟು ಜೋರಾಯಿತು. ಕೈಮಗ್ಗದಲ್ಲಿ ಹಲವು ದಿನ ಹಿಡಿಯುವ ಕೆಲಸವನ್ನು ಯಂತ್ರ ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ. 1985ರಲ್ಲಿ ಸಂಸತ್ತು ಒಂದು ಕಾಯ್ದೆ ತಂದು, ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕು ಎಂದು ಮೀಸಲಿಟ್ಟಿತು. ಪಟ್ಟಿಯಲ್ಲಿ ಮೊದಲು 22 ಬಗೆಗಳಿದ್ದವು. ಪವರ್‌ಲೂಮ್ ಕಡೆಯವರು ಕೋರ್ಟಿಗೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಆಮೇಲೆ ಪಟ್ಟಿಯೇ 11 ಬಗೆಗಳಿಗೆ ಇಳಿಯಿತು.

ಈ ಕಾನೂನು ನೋಡುವುದು ಬಟ್ಟೆ ಯಾವ ಮಗ್ಗದಲ್ಲಿ ತಯಾರಾಯಿತು ಎಂಬುದನ್ನು. ಅಂದರೆ ಅಧಿಕಾರಿ ಪವರ್‌ಲೂಮ್ ಶೆಡ್ಡಿಗೇ ಹೋಗಿ ಪರೀಕ್ಷೆ ಮಾಡಬೇಕು. ಶೆಡ್ಡು ಎಲ್ಲಿದೆ ಎಂದೇ ಗೊತ್ತಾಗದ ಇಂದಿನ ವ್ಯಾಪಾರದಲ್ಲಿ ಈ ಬೇಲಿಗೆ ದೊಡ್ಡ ಕಂಡಿ ಬಿದ್ದಿದೆ.

ಅರಿಶಿನದ ಜಗಳ ಕಲಿಸಿದ ಪಾಠ

ಊರಿನ ಹೆಸರಿಗೇ ಕಾವಲು ಬೇಕು ಎಂಬ ಮಾತು ನಮ್ಮ ದೇಶದಲ್ಲಿ ಗಟ್ಟಿಯಾಗಿ ಕೇಳಿದ್ದು ಸೀರೆಯಿಂದಲ್ಲ. ಅರಿಶಿನ ಮತ್ತು ಅಕ್ಕಿಯಿಂದ.

1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅರಿಶಿನದಿಂದ ಗಾಯ ವಾಸಿ ಮಾಡುವ ವಿಧಾನದ ಮೇಲೆ ಪೇಟೆಂಟ್ ಸಿಕ್ಕಿತು. ಮಗು ಬಿದ್ದು ಮಂಡಿ ತರಚಿಕೊಂಡರೆ ಅಜ್ಜಿ ಮೊದಲು ಹುಡುಕುತ್ತಿದ್ದುದು ಅರಿಶಿನದ ಡಬ್ಬಿಯನ್ನೇ. ಹಿತ್ತಲ ಗಿಡ ಮದ್ದಲ್ಲ ಎಂದು ನಾವು ಸುಮ್ಮನಿದ್ದೆವು, ಹೊರಗಿನವರು ಅದನ್ನೇ ಮದ್ದೆಂದು ಬರೆಸಿಕೊಂಡರು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಬರಹಗಳನ್ನು ಸಾಕ್ಷಿಯಾಗಿ ಮುಂದಿಟ್ಟು ಹೋರಾಡಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಗೆಲ್ಲಿಸಿದ್ದು ಬರೆದಿಟ್ಟ ದಾಖಲೆ. ಅಜ್ಜಿಯ ನೆನಪೊಂದೇ ಸಾಕಾಗುತ್ತಿರಲಿಲ್ಲ.

ಅದೇ ವರ್ಷ ಅಮೆರಿಕದ ಟೆಕ್ಸಾಸಿನ ರೈಸ್‌ಟೆಕ್ ಕಂಪನಿಗೆ ಬಾಸ್ಮತಿ ಅಕ್ಕಿಯ ತಳಿಗಳ ಮೇಲೆ ಪೇಟೆಂಟ್ ಸಿಕ್ಕಿತು. ಭಾರತ ತಕರಾರು ಹಾಕಿತು. ಕಂಪನಿ ತನ್ನ 20 ಹಕ್ಕುಸಾಧನೆಗಳಲ್ಲಿ ಹೆಚ್ಚಿನವನ್ನು ಕಳೆದುಕೊಂಡಿತು. ಆದರೆ ಈ ಜಗಳದಲ್ಲಿ ಒಂದು ಕಹಿ ಸತ್ಯ ಎದ್ದು ಕಂಡಿತು. 1995ರ ಜನವರಿಯಲ್ಲಿ ಜಾರಿಗೆ ಬಂದ ಟ್ರಿಪ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಒಂದು ಮಾತಿದೆ: ತನ್ನ ದೇಶದಲ್ಲೇ ರಕ್ಷಣೆ ಇಲ್ಲದ ಊರಿನ ಹೆಸರನ್ನು ಬೇರೆ ದೇಶಗಳು ರಕ್ಷಿಸಬೇಕಾಗಿಲ್ಲ. ನಮ್ಮ ಮನೆಗೆ ನಾವೇ ಬಾಗಿಲು ಇಟ್ಟಿರಲಿಲ್ಲ, ಮತ್ತೊಬ್ಬರು ಬಂದು ಕಾಯಲಿ ಎಂದರೆ ಯಾರು ಕೇಳುತ್ತಾರೆ?

1999ರಲ್ಲಿ ಸಂಸತ್ತು ಭೌಗೋಳಿಕ ಸೂಚಕಗಳ ಕಾಯ್ದೆಯನ್ನು ಒಪ್ಪಿತು. ನಾವು ಈಗ ಜಿಐ ಟ್ಯಾಗ್ ಎನ್ನುವುದು ಇದನ್ನೇ. ಕಾಯ್ದೆ ಜಾರಿಯಾದದ್ದು 2003ರ ಸೆಪ್ಟೆಂಬರ್ 15ರಂದು. ನೋಂದಣಿ ಕಚೇರಿ ಚೆನ್ನೈನಲ್ಲಿದೆ. ಮೊದಲ ನೋಂದಣಿ ಡಾರ್ಜಿಲಿಂಗ್ ಚಹಾದ್ದು, 2004ರಲ್ಲಿ. 2005-06ರಲ್ಲಿ ಮೈಸೂರು ರೇಷ್ಮೆ, ಬೀದರಿನ ಬಿದರಿ, ಚನ್ನಪಟ್ಟಣದ ಗೊಂಬೆ ಸೇರಿದವು. 2007-08ರಲ್ಲಿ ಇಳಕಲ್ ಸೀರೆ ಸೇರಿತು. ಕಸೂತಿ, ಮೊಳಕಾಲ್ಮೂರು ಸೀರೆ, ನವಲಗುಂದದ ಜಮಖಾನ, ಗುಳೇದಗುಡ್ಡದ ಖಣ, ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಪೇಡಾ ಕೂಡ ಈಗ ಪಟ್ಟಿಯಲ್ಲಿವೆ.

ಟ್ಯಾಗ್ ಬಂತು, ಬೀಗದ ಕೈ ಯಾರ ಹತ್ತಿರ?

ಜಿಐ ಸಿಕ್ಕಿತು ಎಂದು ಪೇಪರಿನಲ್ಲಿ ಬಂದ ದಿನ ಊರಲ್ಲಿ ಸಂಭ್ರಮ ಇರುತ್ತದೆ. ಆದರೆ ಕಾಯ್ದೆಯಲ್ಲಿ ಎರಡು ಮೆಟ್ಟಿಲುಗಳಿವೆ. ಮೊದಲನೆಯದು ಹೆಸರಿನ ನೋಂದಣಿ. ಇದನ್ನು ಸಾಮಾನ್ಯವಾಗಿ ಸರ್ಕಾರದ ಇಲಾಖೆ, ನಿಗಮ ಅಥವಾ ಸಂಘ ಮಾಡಿಸುತ್ತದೆ. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಎರಡನೆಯ ಮೆಟ್ಟಿಲು ಒಬ್ಬೊಬ್ಬ ನೇಕಾರರೂ 'ಅಧಿಕೃತ ಬಳಕೆದಾರ' ಎಂದು ತಮ್ಮ ಹೆಸರನ್ನು ಪ್ರತ್ಯೇಕವಾಗಿ ನೋಂದಾಯಿಸುವುದು.

ಈ ಎರಡನೆಯ ಮೆಟ್ಟಿಲಲ್ಲೇ ಹೆಚ್ಚಿನವರು ನಿಂತುಬಿಡುತ್ತಾರೆ. ಜಿಐ ಹೆಸರನ್ನು ಕದ್ದವರ ಮೇಲೆ ಈ ಕಾಯ್ದೆಯ ಅಡಿ ದಾವೆ ಹೂಡುವ ಹಕ್ಕು ಇರುವುದು ನೋಂದಾಯಿಸಿದ ಸಂಸ್ಥೆಗೆ ಮತ್ತು ಅಧಿಕೃತ ಬಳಕೆದಾರರಿಗೆ. ಮೂರು ತಲೆಮಾರಿನಿಂದ ನೇಯುತ್ತಿದ್ದರೂ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಆ ಹಕ್ಕು ಕೈಗೆ ಬರುವುದಿಲ್ಲ. 2020ರಲ್ಲಿ ಈ ಅರ್ಜಿಯ ಶುಲ್ಕವನ್ನು 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದರು. ಒಂದು ಚಹಾದ ದುಡ್ಡು. ದುಡ್ಡು ಈಗ ಅಡ್ಡಿಯಲ್ಲ, ಈ ಮೆಟ್ಟಿಲು ಇದೆ ಎಂಬ ಸುದ್ದಿ ಮಗ್ಗದ ಮನೆಗೆ ತಲುಪಬೇಕಾಗಿದೆ.

ಒಡೆಯ ಎಚ್ಚರವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರು ರೇಷ್ಮೆ ನೋಡಿ. ಅಲ್ಲಿ ನೋಂದಣಿ ಇರುವುದು ಕರ್ನಾಟಕ ರೇಷ್ಮೆ ಕೈಗಾರಿಕೆಗಳ ನಿಗಮದ ಹೆಸರಿನಲ್ಲಿ. ನೇಯುವುದೂ ಅದೇ, ಮಾರುವುದೂ ತನ್ನದೇ ಮಳಿಗೆಗಳಲ್ಲಿ. ಸೀರೆಗೆ ಹಾಲೋಗ್ರಾಂ ಇದೆ, ಸಂಖ್ಯೆ ಇದೆ. ಇಳಕಲ್ಲಿನಲ್ಲಿ ನೇಯುವವರೊಬ್ಬರು, ಮಾರುವವರೊಬ್ಬರು, ನೋಂದಣಿಯ ಕಾಗದ ಮತ್ತೊಂದು ಕಡೆ. ಸರಪಳಿ ಉದ್ದವಾದಷ್ಟೂ ಕಳ್ಳನಿಗೆ ನುಸುಳಲು ಜಾಗ ಹೆಚ್ಚು.

ತಡ ಮಾಡಿದವರು ಸೋತ ಕತೆ

ಹೆಸರಿನ ಜಗಳದಲ್ಲಿ ಕಾಲವೂ ಒಂದು ಸಾಕ್ಷಿ. ಇದನ್ನು ಹೇಳುವ ಪ್ರಸಿದ್ಧ ಕೇಸು ಬೆಂಗಳೂರಿನದೇ. ಅದರಲ್ಲಿ ಹೆಸರು ನಮ್ಮದು ಎಂದು ದೂರು ತಂದವರು ಹೊರದೇಶದವರು.

ಬೆಂಗಳೂರಿನ ಖೋಡೆ ಕಂಪನಿ 1968ರಿಂದ 'ಪೀಟರ್ ಸ್ಕಾಟ್' ಎಂಬ ವಿಸ್ಕಿ ಮಾರುತ್ತಿತ್ತು. 1974ರಲ್ಲಿ ಅದರ ಟ್ರೇಡ್‌ಮಾರ್ಕ್ ನೋಂದಣಿಯೂ ಆಯಿತು. 'ಸ್ಕಾಚ್' ಎಂದರೆ ಸ್ಕಾಟ್ಲೆಂಡಿನ ವಿಸ್ಕಿ. ಈ ಹೆಸರು ಕೇಳಿದವರು ಇದನ್ನೂ ಅಲ್ಲಿನದೆಂದು ತಿಳಿಯುತ್ತಾರೆ ಎಂಬುದು ಅಲ್ಲಿನ ವಿಸ್ಕಿ ತಯಾರಕರ ಸಂಘದ ವಾದ. ಆದರೆ ನೋಂದಣಿಯ ವಿಷಯ 1974ರಲ್ಲೇ ಗೊತ್ತಾಗಿದ್ದರೂ ಅವರು ಅದನ್ನು ತೆಗೆಸಲು ಅರ್ಜಿ ಹಾಕಿದ್ದು 1986ರಲ್ಲಿ. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2008ರ ಮೇ ತಿಂಗಳಲ್ಲಿ ಖೋಡೆ ಕಂಪನಿ ಗೆದ್ದಿತು. ಇಷ್ಟು ವರ್ಷ ಸುಮ್ಮನಿದ್ದು, ಆ ಕಡೆಯವರು ವ್ಯಾಪಾರ ಕಟ್ಟಿಕೊಂಡ ಮೇಲೆ ಬಂದಿರಿ ಎಂಬುದು ತೀರ್ಪಿನ ಮುಖ್ಯ ಕಾರಣಗಳಲ್ಲಿ ಒಂದು.

ಲೋಕದಲ್ಲೇ ಗಟ್ಟಿಯಾದ ಸಂಘ, ದೊಡ್ಡ ವಕೀಲರು, ಬೇಕಾದಷ್ಟು ದುಡ್ಡು. ಆದರೂ ಹನ್ನೆರಡು ವರ್ಷದ ಮೌನ ಅವರನ್ನು ಸೋಲಿಸಿತು. ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು? ನಕಲು ಕಂಡ ಕೂಡಲೇ ಬರೆದು ತಿಳಿಸುವುದು ಏಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಟ್ರಿಪ್ಸ್ ಒಪ್ಪಂದದಲ್ಲಿ ಮತ್ತೊಂದು ತಾರತಮ್ಯವೂ ಇದೆ. ವೈನ್ ಮತ್ತು ಮದ್ಯದ ಊರ ಹೆಸರುಗಳಿಗೆ ಅದು ಹೆಚ್ಚಿನ ರಕ್ಷಣೆ ಕೊಡುತ್ತದೆ. 'ಅದರ ಥರದ್ದು', 'ಅದರ ಮಾದರಿಯದು' ಎಂದು ಬರೆದು ತಪ್ಪಿಸಿಕೊಳ್ಳಲೂ ಬಿಡುವುದಿಲ್ಲ. ಸೀರೆ, ಗೊಂಬೆ, ಮೆಣಸಿನಕಾಯಿಗೆ ಆ ಮಟ್ಟದ ರಕ್ಷಣೆ ಇಲ್ಲ. ಇದನ್ನು ಎಲ್ಲ ವಸ್ತುಗಳಿಗೂ ಕೊಡಿ ಎಂದು ಭಾರತ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಕೇಳುತ್ತಾ ಬಂದಿದೆ. ಫೋನಿನಲ್ಲಿ ಕಾಣುವ 'ಇಳಕಲ್ ಸ್ಟೈಲ್' ಎಂಬ ಮಾತು ನುಸುಳುವುದು ಈ ಸಂದಿಯಿಂದಲೇ.

ಅಂಗಡಿ ಫೋನಿನೊಳಗೆ ಬಂತು

ಇಂಟರ್ನೆಟ್ಟಿನಲ್ಲಿ ಯಾರೋ ಮಾರಿದ್ದಕ್ಕೆ ವೆಬ್‌ಸೈಟ್ ನಡೆಸುವವರು ಹೊಣೆಯೇ? ಈ ಪ್ರಶ್ನೆ ನಮ್ಮ ದೇಶದಲ್ಲಿ 2004ರಲ್ಲಿ ದೊಡ್ಡದಾಗಿ ಎದ್ದಿತು. ಬಾಝೀ ಡಾಟ್ ಕಾಮ್ ಎಂಬ ತಾಣದಲ್ಲಿ ಬಳಕೆದಾರನೊಬ್ಬ ಅಶ್ಲೀಲ ವಿಡಿಯೊ ಮಾರಾಟಕ್ಕಿಟ್ಟ. ಪೊಲೀಸರು ತಾಣದ ಮುಖ್ಯಸ್ಥರನ್ನೇ ಬಂಧಿಸಿದರು. ಕಾಗದದಲ್ಲಿ ಬೈಗುಳ ಇದ್ದರೆ ಅಂಚೆಯಣ್ಣನನ್ನು ಹಿಡಿಯುತ್ತಾರೆಯೇ ಎಂಬ ಚರ್ಚೆ ಶುರುವಾಯಿತು. 2008ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಂ ಬದಲಾಯಿತು, 2009ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಬರೀ ಮಧ್ಯವರ್ತಿಯಾಗಿ, ಎಚ್ಚರಿಕೆಯಿಂದ ನಡೆದುಕೊಂಡರೆ ತಾಣಕ್ಕೆ ರಕ್ಷಣೆ ಉಂಟು ಎಂದು ಅದು ಹೇಳಿತು.

ಇದರ ಗಡಿ ಎಲ್ಲಿ ಎಂಬುದರ ಮೇಲೆ ಕೋರ್ಟುಗಳಲ್ಲಿ ಎಳೆದಾಟ ನಡೆದೇ ಇದೆ. 2016ರ ಡಿಸೆಂಬರಿನಲ್ಲಿ ಹಾಡುಗಳ ಕೃತಿಸ್ವಾಮ್ಯದ ಕುರಿತು ಮೈಸ್ಪೇಸ್ ಕೇಸಿನಲ್ಲಿ ದೆಹಲಿ ಹೈಕೋರ್ಟ್ ಒಂದು ಮಾತು ಹೇಳಿತು: ನಿಮ್ಮ ತಾಣದಲ್ಲಿ ಎಲ್ಲೋ ನಕಲು ಇದೆ ಎಂದರೆ ಸಾಲದು, ಯಾವುದು ಎಂದು ಬೆರಳಿಟ್ಟು ತೋರಿಸಬೇಕು. 2018ರ ನವೆಂಬರಿನಲ್ಲಿ, ಕೆಂಪು ಅಟ್ಟೆಯ ಶೂಗಳಿಗೆ ಹೆಸರಾದ ಲೂಬುಟಾನ್ ಕಂಪನಿಯ ಕೇಸಿನಲ್ಲಿ ಅದೇ ಹೈಕೋರ್ಟ್ ಬೇರೆ ಕಡೆಯಿಂದ ನೋಡಿತು. ಮಾಲನ್ನು ಅಪ್ಪಟ ಎಂದು ಖಾತ್ರಿ ಕೊಡುವ, ಪ್ಯಾಕ್ ಮಾಡುವ, ಪ್ರಚಾರ ಮಾಡುವ ತಾಣ ಬರೀ ಅಂಚೆಯಣ್ಣ ಹೇಗಾದೀತು ಎಂದು ಕೇಳಿತು. 2020ರ ಜನವರಿಯಲ್ಲಿ ಆಮ್ವೇ ಕಂಪನಿಯ ಕೇಸಿನಲ್ಲಿ ಅಲ್ಲಿಯದೇ ದೊಡ್ಡ ಪೀಠ ಈ ಭೇದವನ್ನು ಒಪ್ಪಲಿಲ್ಲ.

ಕೋರ್ಟಿನಲ್ಲಿ ವಾದ ನಡೆಯುತ್ತಿದ್ದಾಗಲೇ ವ್ಯಾಪಾರ ಮತ್ತೊಂದು ಹೆಜ್ಜೆ ಮುಂದೆ ಹೋಯಿತು. 2015ರಲ್ಲಿ ಬೆಂಗಳೂರಿನಲ್ಲಿ ಮೀಶೋ ಶುರುವಾಯಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಕ್ಯಾಟಲಾಗಿನಲ್ಲಿರುವ ಫೋಟೊಗಳನ್ನು ತಮ್ಮ ವಾಟ್ಸಾಪ್ ಬಳಗಕ್ಕೆ ಕಳಿಸಿ, ತಮ್ಮ ಲಾಭ ಸೇರಿಸಿ ಮಾರುವ ರೀಸೆಲ್ಲಿಂಗ್ ಮನೆಮನೆಗೆ ಬಂತು. ಇದಕ್ಕೇ ಸೋಷಿಯಲ್ ಕಾಮರ್ಸ್ ಎನ್ನುವುದು. ಅಂಗಡಿ ಬಾಡಿಗೆ ಇಲ್ಲ, ಬಂಡವಾಳ ಇಲ್ಲ. ಮನೆಯಿಂದ ಹೊರಗೆ ಹೋಗಲಾಗದ ಎಷ್ಟೋ ಹೆಂಗಸರ ಕೈಗೆ ಇದರಿಂದ ಸ್ವಂತ ದುಡ್ಡು ಬಂದಿದೆ. ಆ ದುಡಿಮೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇದೇ ದಾರಿಯಲ್ಲಿ ನೇಕಾರರೂ ದಲ್ಲಾಳಿ ಇಲ್ಲದೆ ನೇರ ಗಿರಾಕಿ ಹುಡುಕಿಕೊಂಡಿದ್ದಾರೆ.

ಆದರೆ ಹಳೆಯ ಕಾವಲುಗಳೆಲ್ಲ ಇಲ್ಲಿ ಸಡಿಲವಾದವು. ಸೀರೆ ಮುಟ್ಟಲು ಸಿಗುವುದಿಲ್ಲ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್, 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಸೀರೆಗೆ ಅಂಟಿದ ಚೀಟಿಗಳು. ಚೀಟಿಯ ಫೋಟೊವನ್ನೂ ಕದಿಯಬಹುದು. ಖಾಸಗಿ ಗ್ರೂಪಿನೊಳಗೆ ಏನು ನಡೆಯುತ್ತಿದೆ ಎಂದು ಹೊರಗಿನವರಿಗೆ ಕಾಣುವುದಿಲ್ಲ. ಸ್ಟೇಟಸ್ 24 ಗಂಟೆಯಲ್ಲಿ ಮಾಯ. ತಯಾರಕ ಒಬ್ಬ, ಕ್ಯಾಟಲಾಗ್ ಹಾಕಿದವ ಒಬ್ಬ, ಆ್ಯಪ್ ಬೇರೆಯವರದು, ಕಳಿಸಿದ್ದು ನಮ್ಮೂರ ಅಕ್ಕ. 'ಇಳಕಲ್' ಎಂದು ಬರೆದವರು ಯಾರು ಎಂದು ಕೇಳಿದರೆ ಎಲ್ಲರೂ ಪಕ್ಕದವರ ಕಡೆ ಕೈ ತೋರಿಸುತ್ತಾರೆ.

ಇಂದು ಕೈಯಲ್ಲಿರುವ ಬೀಗಗಳು

ಈ ಇತಿಹಾಸ ನಮ್ಮ ಕೈಯಲ್ಲಿ ಬಿಟ್ಟುಹೋಗಿರುವುದು ಒಂದೇ ಬೀಗವಲ್ಲ. ಯಾವುದಕ್ಕೆ ಯಾವುದು ಎಂದು ತಿಳಿದಿದ್ದರೆ ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಕೆಲಸಕ್ಕೆ ಬರುತ್ತದೆ.

ಊರಿನ ಹೆಸರು: ಇದಕ್ಕೆ ಜಿಐ. ಸುಳ್ಳು ಜಿಐ ಹೆಸರು ಹಾಕುವುದಕ್ಕೂ, ಹಾಗೆ ಹಾಕಿದ ಮಾಲು ಮಾರುವುದಕ್ಕೂ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎಂದು ಕಾಯ್ದೆ ಹೇಳುತ್ತದೆ. ರೀಸೆಲ್ಲರ್ ಅಕ್ಕಂದಿರು ಇದನ್ನು ಗಮನಿಸಬೇಕು. ಬೇಕಾದ ಎಚ್ಚರಿಕೆ ವಹಿಸಿದ್ದೆ, ಅನುಮಾನಕ್ಕೆ ಕಾರಣ ಇರಲಿಲ್ಲ, ಕೇಳಿದಾಗ ಮಾಲು ಕೊಟ್ಟವರ ವಿವರ ಕೊಟ್ಟೆ ಎಂದು ತೋರಿಸಿದ ಮಾರಾಟಗಾರರಿಗೆ ಕಾಯ್ದೆಯಲ್ಲೇ ದಾರಿ ಇದೆ. ಹಾಗಾಗಿ ಮಾಲು ಎಲ್ಲಿಂದ ಬಂತು ಎಂಬುದರ ಬಿಲ್ಲು, ಮೆಸೇಜು ಅಳಿಸಬೇಡಿ.

ನಿಮ್ಮದೇ ಹೆಸರು, ಗುರುತು: ಸಂಘಕ್ಕೋ ಕುಟುಂಬಕ್ಕೋ ತನ್ನದೇ ಬ್ರ್ಯಾಂಡ್ ಇದ್ದರೆ ಅದಕ್ಕೆ ಟ್ರೇಡ್‌ಮಾರ್ಕ್. ಇದೂ ಹತ್ತು ವರ್ಷದ್ದು, ನವೀಕರಿಸುತ್ತಾ ಹೋಗಬಹುದು.

ಹೊಸ ವಿನ್ಯಾಸ: ನೀವೇ ಹೊಸದಾಗಿ ಕಟ್ಟಿದ ದಡಿ ಅಥವಾ ಬುಟ್ಟಾ ಇದ್ದರೆ 2000ನೇ ಇಸವಿಯ ಡಿಸೈನ್ಸ್ ಕಾಯ್ದೆ ಹತ್ತು ವರ್ಷ, ಮುಂದೆ ಇನ್ನೈದು ವರ್ಷ ರಕ್ಷಣೆ ಕೊಡುತ್ತದೆ. ಒಂದು ಷರತ್ತು ಮಾತ್ರ ಕಠಿಣ: ಅರ್ಜಿ ಹಾಕುವ ಮೊದಲೇ ಊರಿಗೆಲ್ಲ ತೋರಿಸಿಬಿಟ್ಟರೆ ಅದು 'ಹೊಸದು' ಎನಿಸುವುದಿಲ್ಲ. ಖುಷಿಯಿಂದ ಇನ್‌ಸ್ಟಾಗ್ರಾಮ್‌ಗೆ ಹಾಕಿದ ಒಂದೇ ಫೋಟೊ ಆ ಹಕ್ಕನ್ನು ಕಳೆಯಬಹುದು. ಮೊದಲು ಅರ್ಜಿ, ಆಮೇಲೆ ಸ್ಟೇಟಸ್.

ಫೋಟೊ: ಫೋನಿನ ಕಾಲದಲ್ಲಿ ಬಡವರಿಗೆ ಹತ್ತಿರದ ಬೀಗ ಇದೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊ ತೆಗೆದ ಕ್ಷಣದಲ್ಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ನೀವೇ ತೆಗೆದರೆ ಹಕ್ಕು ನಿಮ್ಮದು. ದುಡ್ಡು ಕೊಟ್ಟು ಸ್ಟುಡಿಯೊದವರಿಂದ ತೆಗೆಸಿದರೂ, ಬೇರೆ ಕರಾರು ಇಲ್ಲದಿದ್ದರೆ, ಹಕ್ಕು ತೆಗೆಸಿದವರದು. ನಿಮ್ಮ ಫೋಟೊ ಕದ್ದು ಯಾವುದೋ ತಾಣದಲ್ಲಿ ಹಾಕಿದ್ದರೆ, 2013ರ ಕೃತಿಸ್ವಾಮ್ಯ ನಿಯಮಗಳ ಪ್ರಕಾರ ತಾಣಕ್ಕೆ ಲಿಖಿತ ದೂರು ಕೊಡಬಹುದು. ಯಾವ ಫೋಟೊ, ಅದು ನಿಮ್ಮದೆಂಬುದಕ್ಕೆ ಏನು ಆಧಾರ, ಯಾವ ಲಿಂಕಿನಲ್ಲಿದೆ ಎಂದು ಬರೆಯಬೇಕು. ದೂರು ಸರಿ ಎಂದು ಕಂಡರೆ 36 ಗಂಟೆಯೊಳಗೆ ಅದನ್ನು ತಡೆಯಬೇಕು. ಆದರೆ ಆ ತಡೆ 21 ದಿನದ್ದು. ಅಷ್ಟರಲ್ಲಿ ಕೋರ್ಟಿನ ಆದೇಶ ತರದಿದ್ದರೆ ತಾಣ ಅದನ್ನು ಮತ್ತೆ ತೋರಿಸಬಹುದು.

ಗಿರಾಕಿಯ ದೂರು: 2020ರ ಜುಲೈನಲ್ಲಿ ಬಂದ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ, ಚಿತ್ರ ಮತ್ತು ವಿವರ ಮಾಲಿಗೆ ಸರಿಯಾಗಿ ಹೊಂದುತ್ತವೆ ಎಂದು ಮಾರುವವರಿಂದ ತಾಣ ಮುಚ್ಚಳಿಕೆ ಬರೆಸಿಕೊಳ್ಳಬೇಕು. ದೂರು ಅಧಿಕಾರಿಯ ಹೆಸರು ಪ್ರಕಟಿಸಬೇಕು. ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಈ ಕೊನೆಯ ಬೀಗ ನೇಕಾರರಿಗೂ ಉಪಕಾರಿ ಎಂದು ನಾವು ಯಾಕೆ ಹೇಳುತ್ತೇವೆಂದರೆ, ಮುಚ್ಚಿದ ಗ್ರೂಪಿನೊಳಗಿನ ನಕಲು ನೇಕಾರರಿಗೆ ಕಾಣುವುದಿಲ್ಲ, ಇಲಾಖೆಗೂ ಕಾಣುವುದಿಲ್ಲ. ಕಾಣುವುದು ಪಾರ್ಸೆಲ್ ಬಿಚ್ಚಿದವರಿಗೆ ಮಾತ್ರ. ಹೋಗಲಿ ಬಿಡು, ಐನೂರು ರೂಪಾಯಿ ತಾನೇ ಎಂದು ಅವರು ಸೀರೆಯನ್ನು ಮೂಲೆಗೆ ಎಸೆದರೆ ಸಾಕ್ಷಿಯೂ ಮೂಲೆ ಸೇರುತ್ತದೆ.

ಇನ್ನೂ ಆಗಬೇಕಾದದ್ದು

ಒಟ್ಟು ಕತೆ ನೋಡಿದರೆ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ. ಕಾನೂನು ಯಾವಾಗಲೂ ವ್ಯಾಪಾರದ ಹಿಂದೆ ನಡೆದು ಬಂದಿದೆ. ಬಂದಾಗಲೂ ಅದು ತಾನಾಗಿ ಕಾಯಲಿಲ್ಲ, ದಾಖಲೆ ಹಿಡಿದು ಬಾಗಿಲು ತಟ್ಟಿದವರ ಪರವಾಗಿ ಮಾತ್ರ ಎದ್ದು ನಿಂತಿದೆ. ಅರಿಶಿನ ಗೆದ್ದದ್ದು ಹಳೆಯ ಬರಹದಿಂದ. ಸ್ಕಾಚ್ ಸೋತದ್ದು ತಡವಾದದ್ದರಿಂದ. ಮೈಸೂರು ರೇಷ್ಮೆ ಉಳಿದದ್ದು ಕಾಯುವ ಒಡೆಯ ಇದ್ದದ್ದರಿಂದ.

ಹಾಗೆಂದು ಎಲ್ಲ ಭಾರವನ್ನೂ ನೇಕಾರರ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ದಿನವಿಡೀ ಕುಣಿಯಲ್ಲಿ ಕಾಲಿಟ್ಟು ಲಾಳಿ ಆಡಿಸುವವರು ರಾತ್ರಿ ಕೂತು ಲಿಂಕ್ ಹುಡುಕಿ, 21 ದಿನದಲ್ಲಿ ವಕೀಲರನ್ನು ಹಿಡಿದು ಕೋರ್ಟಿಗೆ ಹೋಗಲಾರರು. ಹೆಸರು ನೋಂದಾಯಿಸಿದ ಇಲಾಖೆ, ನಿಗಮಗಳು ಫೋನಿನ ಅಂಗಡಿಗಳ ಮೇಲೂ ಕಣ್ಣಿಡಬೇಕು. ನೇಕಾರರ ಪರವಾಗಿ ದೂರು ಬರೆಯುವ ಒಬ್ಬರಾದರೂ ಇರಬೇಕು. ಜಿಐ ಹೆಸರು ಹಾಕಿ ಮಾರುವವರಿಂದ ಅಧಿಕೃತ ಬಳಕೆದಾರರ ಸಂಖ್ಯೆ ಕೇಳುವುದು ಆ್ಯಪ್‌ಗಳಿಗೆ ಕಷ್ಟದ ಕೆಲಸವಲ್ಲ. ಪ್ರತಿ ನೇಕಾರರ ಸಂಘದಲ್ಲೂ ಒಂದು ದಿನ ಕೂತು ಎಲ್ಲರ ಹತ್ತು ರೂಪಾಯಿಯ ಅರ್ಜಿ ತುಂಬಿಸುವುದು ಪಂಚಾಯಿತಿ, ಕಾಲೇಜಿನ ಹುಡುಗರು ಸೇರಿದರೆ ಆಗದ ಕೆಲಸವಲ್ಲ.

ಓದುತ್ತಿರುವ ನೀವು ಮಾಡಬಹುದಾದದ್ದೂ ಇದೆ. ನೇಕಾರರಾದರೆ ಸಂಘದಲ್ಲಿ ಇವತ್ತೇ ಕೇಳಿ: ಅಧಿಕೃತ ಬಳಕೆದಾರರ ಪುಸ್ತಕದಲ್ಲಿ ನನ್ನ ಹೆಸರಿದೆಯೇ? ನಮ್ಮ ಹೆಸರಿನ ನೋಂದಣಿ ನವೀಕರಣ ಆಗಿದೆಯೇ? ಫೋಟೊ ತೆಗೆದ ಫೋನಿನಲ್ಲಿ ಮೂಲ ಫೋಟೊ ಉಳಿಸಿಕೊಳ್ಳಿ, ನಕಲು ಕಂಡರೆ ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ಲಿಂಕ್ ಬರೆದಿಡಿ.

ಮಾರುವ ಅಕ್ಕಂದಿರಾದರೆ, 'ಅಪ್ಪಟ', 'ಕೈಮಗ್ಗ' ಎಂದು ಟೈಪ್ ಮಾಡುವ ಮೊದಲು ಕೊಟ್ಟವರನ್ನು ಕೇಳಿ. ಗೊತ್ತಿಲ್ಲದಿದ್ದರೆ ಆ ಪದ ಬಿಟ್ಟುಬಿಡಿ.

ಕೊಳ್ಳುವವರಾದರೆ, ಸೆರಗು ಮೈಗೆ ಸೇರುವ ಜಾಗದ ಹತ್ತಿರದ ಫೋಟೊ ಕಳಿಸಿ ಎಂದು ಕೇಳಿ. ಕೊಂಡಿ ಹಾಕಿದವರಿಗೆ ಅದನ್ನು ತೋರಿಸಲು ಸಂಕೋಚ ಇರುವುದಿಲ್ಲ. ಎಳೆಗೆ ಎಳೆ ಗಂಟು ಕಟ್ಟಿದ ಕೈಗಳು ಆ ಜಾಗವನ್ನೇ ಮೊದಲು ತೋರಿಸುತ್ತವೆ.